ಯಂತ್ರಗುಮಾಸ್ತರೂ ರುಜು ಹಾಕುವವರೂ

ಗಣಕಯಂತ್ರಗಳಿಗೆ ತಂತ್ರಾಂಶ ಬರೆದುಕೊಡುವ ವೃತ್ತಿಯಲ್ಲಿ ಕೆಲವು ವರ್ಷಗಳಿಂದ ಒಂದು ದೊಡ್ಡ ಮಾರ್ಪಾಟು ನಡೆಯುತ್ತಿರುವುದು ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದೇ ಇದೆ. ಇದು ಆ ವೃತ್ತಿಯವರ ಮನೆವಾರ್ತೆ, ಮಿಕ್ಕವರಿಗೆ ಇದರಿಂದೇನು ಎಂದು ಕೇಳುವವರೂ ಉಂಟು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯವರು ಬೆಂಗಳೂರಿನಲ್ಲಿ ಕಚೇರಿ ತೆರೆದ ಮೇಲೆ, ಈ ನಾಲ್ಕು ದಶಕಗಳಲ್ಲಿ ನಗರದ ಎಷ್ಟು ಮನೆಗಳ ಒಲೆ ಈ ವೃತ್ತಿಯಿಂದ ಉರಿಯುತ್ತಿದೆ ಎಂಬುದನ್ನು ಕಂಡವರು ಹಾಗೆ ಕೇಳಲಾರರು. ಅದೂ ಅಲ್ಲದೆ, ರೈತನ ಪಹಣಿಯೂ ವರ್ತಕನ ಬ್ಯಾಂಕಿನ ಲೆಕ್ಕವೂ ರೋಗಿಯ ಚೀಟಿಯೂ ಇಂದು ತಂತ್ರಾಂಶದ ಮೂಲಕವೇ ನಡೆಯುತ್ತಿರುವಾಗ, ಆ ತಂತ್ರಾಂಶವನ್ನು ಯಾರು ಬರೆಯುತ್ತಾರೆ, ಬರೆದುದನ್ನು ಯಾರು ಓದಿ ನೋಡುತ್ತಾರೆ ಎಂಬುದು ಸಾರ್ವಜನಿಕರ ಪ್ರಶ್ನೆಯೇ ಹೊರತು ಕೆಲವರ ಖಾಸಗಿ ಪ್ರಶ್ನೆಯಲ್ಲ.

ಮಾರ್ಪಾಟಿನ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವೆವು. 2021ನೆಯ ಜೂನ್ ತಿಂಗಳಲ್ಲಿ ಗಿಟ್‌ಹಬ್ ಕೋಪೈಲಟ್ ಎಂಬ ಸಲಕರಣೆಯನ್ನು ಪರೀಕ್ಷಾರ್ಥವಾಗಿ ಹೊರತಂದಾಗ, ಬರೆಯುವವನು ಒಂದು ಸಾಲನ್ನು ಆರಂಭಿಸಿದರೆ ಯಂತ್ರವು ಅದನ್ನು ಪೂರ್ತಿಮಾಡಿ ಕೊಡುತ್ತಿತ್ತು.  2025ರಲ್ಲಿ ಕ್ಲಾಡ್ ಕೋಡ್, ಕೋಡೆಕ್ಸ್, ಜೂಲ್ಸ್ ಮೊದಲಾದುವು ಬಂದ ಮೇಲೆ ಸಂಗತಿಯೇ ಬೇರೆಯಾಯಿತು. ಇವು ಸಾಲನ್ನು ಪೂರ್ತಿಮಾಡಿ ಸುಮ್ಮನಾಗುವುವಲ್ಲ. ‘ಈ ದೋಷವನ್ನು ಹುಡುಕಿ ಸರಿಪಡಿಸು’ ಎಂದು ಆಜ್ಞೆಯಿತ್ತರೆ, ತಾವೇ ಕಡತಗಳನ್ನು ತೆರೆದು ಓದಿ, ತಿದ್ದಿ, ಪರೀಕ್ಷೆಗಳನ್ನು ನಡೆಯಿಸಿ, ತಪ್ಪಿದರೆ ಮತ್ತೆ ತಿದ್ದಿ, ಕೆಲಸ ಮುಗಿಯಿತೆಂದು ವರದಿಯನ್ನೊಪ್ಪಿಸುವುವು. ಇವನ್ನು ಯಂತ್ರಗುಮಾಸ್ತರೆಂದು ಕರೆದರೆ ನಮ್ಮ ಕಚೇರಿಗಳ ಅನುಭವವುಳ್ಳವರಿಗೆ ವಿಷಯವು ಬೇಗನೆ ಮನದಟ್ಟಾಗುವುದು.

ಗುಮಾಸ್ತನೊಬ್ಬನು ಒಂದು ಕೆಲಸದಲ್ಲಿ ಹತ್ತಿಪ್ಪತ್ತು ನಿಮಿಷ ತೊಡಗಿರುವಾಗ ಯಜಮಾನನು ಕೈಕಟ್ಟಿ ಕುಳಿತಿರುವುದೇಕೆ? ಆದುದರಿಂದ ಎರಡನೆಯವನನ್ನು ಮತ್ತೊಂದು ಕೆಲಸಕ್ಕೆ ಹಚ್ಚುವನು, ಅನಂತರ ಮೂರನೆಯವನನ್ನು. ಹೀಗೆ ಇಂದು ಒಬ್ಬ ತಂತ್ರಜ್ಞನು ಮೂರು ನಾಲ್ಕು ಬೇರೆಬೇರೆ ಯೋಜನೆಗಳಲ್ಲಿ ಐದಾರು ಯಂತ್ರಗುಮಾಸ್ತರನ್ನು ಏಕಕಾಲದಲ್ಲಿ ನಡೆಯಿಸುವುದು ಅಪೂರ್ವವಾದ ಸಂಗತಿಯಾಗಿ ಉಳಿದಿಲ್ಲ. ಒಂದು ಕಿಟಕಿಯಲ್ಲಿ ಬ್ಯಾಂಕಿನ ಕೆಲಸ, ಪಕ್ಕದ ಕಿಟಕಿಯಲ್ಲಿ ಆಸ್ಪತ್ರೆಯ ಕೆಲಸ, ಇನ್ನೊಂದರಲ್ಲಿ ಅಂಗಡಿಯ ದಾಸ್ತಾನಿನ ಲೆಕ್ಕ. ಯಾವನು ಯಾವ ಪ್ರಶ್ನೆ ಕೇಳಿ ಕಾಯುತ್ತಿದ್ದಾನೆ, ಯಾವನು ಮುಗಿಸಿದ್ದಾನೆ, ಯಾವನು ದಾರಿತಪ್ಪಿ ಅಲೆಯುತ್ತಿದ್ದಾನೆ ಎಂದು ಯಜಮಾನನು ಕಿಟಕಿಯಿಂದ ಕಿಟಕಿಗೆ ಓಡಾಡುತ್ತ ದಿನವನ್ನು ಕಳೆಯುತ್ತಾನೆ.

ಇದರಿಂದ ಲಾಭವೇ ಇಲ್ಲವೆಂದು ನಾವು ಹೇಳುವವರಲ್ಲ. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಬೇಸರದ ಕೆಲಸಗಳು, ಎಂದರೆ ಹಳೆಯ ಭಾಷೆಯಿಂದ ಹೊಸ ಭಾಷೆಗೆ ತಂತ್ರಾಂಶವನ್ನು ಬದಲಾಯಿಸುವುದು, ಪರೀಕ್ಷೆಗಳನ್ನು ಬರೆಯುವುದು, ನೂರು ಕಡತಗಳಲ್ಲಿ ಒಂದೇ ಬಗೆಯ ತಿದ್ದುಪಡಿ ಮಾಡುವುದು ಮುಂತಾದುವು ಗಂಟೆಗಳಲ್ಲಿ ಮುಗಿಯುವುದುಂಟು. ಬಂಡವಾಳವಿಲ್ಲದ ಚಿಕ್ಕ ಊರಿನ ಯುವಕನೊಬ್ಬನು ಹತ್ತು ಜನರ ಸಂಬಳವನ್ನು ಹೊರದೆ ಒಂದು ಉಪಯುಕ್ತ ವಸ್ತುವನ್ನು ನಿರ್ಮಿಸಲು ಇದರಿಂದ ಸಾಧ್ಯವಾಗಿದೆ. ಹೊಸ ಯಂತ್ರ ಬಂದಾಗಲೆಲ್ಲ ಅದನ್ನು ಶಪಿಸಿ ಮೂಲೆಯಲ್ಲಿ ಕುಳಿತ ಜನಾಂಗಗಳು ಉದ್ಧಾರವಾಗಿಲ್ಲ. ಯಂತ್ರಗುಮಾಸ್ತರನ್ನು ಇಟ್ಟುಕೊಳ್ಳಬಹುದೆ ಎಂಬ ಪ್ರಶ್ನೆ ಮುಗಿದಿದೆ. ಅವರನ್ನು ನಡೆಯಿಸುವ ಕ್ರಮವಾವುದು ಎಂಬುದೊಂದೇ ಉಳಿದಿರುವ ಪ್ರಶ್ನೆ.

ಈ ವಿಷಯದಲ್ಲಿ ಹೆಚ್ಚಾಗಿ ಕಾಣುವ ಭ್ರಾಂತಿಯೆಂದರೆ, ಗುಮಾಸ್ತರ ಸಂಖ್ಯೆಯನ್ನೆಣಿಸಿ ಕೆಲಸವನ್ನು ಅಳೆಯುವುದು. ಐವರಿದ್ದರೆ ಐದರಷ್ಟು ಕೆಲಸ, ಹತ್ತು ಮಂದಿಯಿದ್ದರೆ ಹತ್ತರಷ್ಟು ಎಂದು ಲೆಕ್ಕ ಹಾಕುವವರು ಈ ವೃತ್ತಿಯ ಹಳೆಯ ಪಾಠವನ್ನೇ ಮರೆತಿದ್ದಾರೆ. ಐಬಿಎಂ ಸಂಸ್ಥೆಯ ದೊಡ್ಡ ತಂತ್ರಾಂಶ ಕಾರ್ಯವೊಂದನ್ನು ನಡೆಯಿಸಿದ್ದ ಫ್ರೆಡ್ ಬ್ರೂಕ್ಸ್ ಎಂಬುವರು 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಡವಾದ ಕೆಲಸಕ್ಕೆ ಇನ್ನಷ್ಟು ಜನರನ್ನು ತಂದು ಸೇರಿಸಿದರೆ ಅದು ಮತ್ತಷ್ಟು ತಡವಾಗುವುದೆಂದು ಎಚ್ಚರಿಸಿದ್ದರು. ಮೂವರ ನಡುವೆ ಮಾತುಕತೆಯ ದಾರಿಗಳು ಮೂರು. ಹತ್ತು ಮಂದಿಯ ನಡುವೆ ನಲವತ್ತೈದು. ಯಂತ್ರಗುಮಾಸ್ತರ ವಿಷಯದಲ್ಲಿ ಈ ತೊಡಕು ಬೇರೊಂದು ರೂಪವನ್ನು ತಾಳುತ್ತದೆ. ಸಾಮಾನ್ಯವಾಗಿ ಬೇರೆಬೇರೆ ಕಿಟಕಿಗಳಲ್ಲಿರುವ ಇವರಿಗೆ ಪರಸ್ಪರ ಪರಿಚಯವೇ ಇಲ್ಲ. ಒಬ್ಬನು ಬದಲಾಯಿಸಿದುದು ಇನ್ನೊಬ್ಬನಿಗೆ ತಿಳಿಯದು. ದಾರಿಗಳೆಲ್ಲವೂ ಒಬ್ಬನೇ ಮನುಷ್ಯನ ತಲೆಯಲ್ಲಿ ಬಂದು ಕೂಡುತ್ತವೆ. ಆ ತಲೆಯಾದರೋ ಮೊದಲಿನಷ್ಟೇ ಇದೆ, ಅದಕ್ಕೆ ದಿನಕ್ಕೆ ದೊರೆಯುವ ಗಂಟೆಗಳೂ ಮೊದಲಿನಷ್ಟೇ.

ಮನುಷ್ಯನು ತನ್ನ ವೇಗವನ್ನು ತಾನೇ ಸರಿಯಾಗಿ ಅರಿಯಲಾರನೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. 2025ರಲ್ಲಿ ಅಮೆರಿಕದ ಮೆಟರ್ ಎಂಬ ಸಂಶೋಧನ ಸಂಸ್ಥೆಯವರು ನುರಿತ ತಂತ್ರಜ್ಞರು ಹದಿನಾರು ಮಂದಿಯನ್ನು ಅವರಿಗೆ ಚೆನ್ನಾಗಿ ಪರಿಚಿತವಾದ ಯೋಜನೆಗಳಲ್ಲೇ 246 ಕೆಲಸಗಳಿಗೆ ಹಚ್ಚಿ ಪರೀಕ್ಷಿಸಿದರು. ಯಂತ್ರದ ನೆರವು ಪಡೆದ ಕೆಲಸಗಳಿಗೆ ಶೇಕಡಾ 19ರಷ್ಟು ಹೆಚ್ಚು ಕಾಲ ಹಿಡಿಯಿತು. ಆದರೆ ಕೆಲಸ ಮುಗಿಸಿದವರು ತಮಗೆ ಶೇಕಡಾ 20ರಷ್ಟು ಕಾಲ ಉಳಿಯಿತೆಂದೇ ನಂಬಿದ್ದರು. ಪರೀಕ್ಷೆಗೊಳಗಾದವರು ಕೆಲವರೇ, ಆಮೇಲೆ ಸಲಕರಣೆಗಳೂ ಸುಧಾರಿಸಿವೆ, ಆದುದರಿಂದ ಆ ಅಂಕಿಯನ್ನು ಶಾಶ್ವತ ಸತ್ಯವೆಂದು ನಾವು ಸಾರುವುದಿಲ್ಲ. ನಂಬಿಕೆಗೂ ಗಡಿಯಾರಕ್ಕೂ ಇದ್ದ ಅಂತರವನ್ನು ಮಾತ್ರ ಓದುಗರು ಗಮನಿಸಬೇಕೆಂದು ಕೋರುತ್ತೇವೆ. ಒಬ್ಬ ಗುಮಾಸ್ತನ ವಿಷಯದಲ್ಲೇ ಇಷ್ಟು ಭ್ರಮೆಯುಂಟಾಗುವುದಾದರೆ, ಐವರು ಏಕಕಾಲದಲ್ಲಿ ಸಾಲುಸಾಲಾಗಿ ಬರೆಯುತ್ತಿರುವುದನ್ನು ನೋಡುವವನಿಗೆ ತಾನು ಮಹತ್ಕಾರ್ಯವನ್ನು ಸಾಧಿಸುತ್ತಿರುವೆನೆಂಬ ಭಾವನೆ ಬರುವುದರಲ್ಲಿ ಆಶ್ಚರ್ಯವೇನು?

ಇನ್ನು ಈ ಗುಮಾಸ್ತರ ಸ್ವಭಾವವನ್ನು ಅರಿತುಕೊಳ್ಳಬೇಕು. ಇವರಿಗೆ ದಣಿವಿಲ್ಲ, ಸಿಟ್ಟಿಲ್ಲ, ರಜೆಯ ಬೇಡಿಕೆಯಿಲ್ಲ. ಆದರೆ ನೆನಪಿಗೆ ಒಂದು ಎಲ್ಲೆಯಿದೆ. ಸಂಭಾಷಣೆ ಬಹಳ ಉದ್ದವಾದರೆ ಹಿಂದಿನದನ್ನು ಸಂಗ್ರಹಿಸಿ ಚಿಕ್ಕದು ಮಾಡಿಕೊಳ್ಳುವರು. ಹಾಗೆ ಮಾಡುವಾಗ ಬೆಳಗ್ಗೆ ಕೊಟ್ಟ ಕಟ್ಟಪ್ಪಣೆಯೇ ಬಿಟ್ಟುಹೋಗಬಹುದು. ಹೊಸದಾಗಿ ಕೆಲಸ ಆರಂಭಿಸಿದಾಗ, ಬರೆದಿಟ್ಟ ಸೂಚನೆಯಿಲ್ಲದಿದ್ದರೆ, ಬಹುಮಟ್ಟಿಗೆ ಇಂದೇ ಸೇರಿದ ಹೊಸಬರಂತೆ ವರ್ತಿಸುವರು. ತಿಳಿಯದುದನ್ನು ತಿಳಿಯದೆನ್ನುವ ಬದಲು ಧೈರ್ಯವಾಗಿ ಕಲ್ಪಿಸಿ ಬರೆಯುವ ದುರಭ್ಯಾಸವೂ ಇದೆ. ಎಲ್ಲಿಯೂ ಇಲ್ಲದ ತಂತ್ರಾಂಶ ಭಾಗಗಳ ಹೆಸರುಗಳನ್ನು ಇರುವುವೆಂಬಂತೆ ಸೂಚಿಸುವುದನ್ನು ಸಂಶೋಧಕರು ದಾಖಲೆಮಾಡಿದ್ದಾರೆ. ಅಂತಹ ಹೆಸರಿನಲ್ಲಿ ದುರುಳನೊಬ್ಬನು ವಿಷದ ಸರಕನ್ನು ಮೊದಲೇ ತಂದಿಟ್ಟಿದ್ದರೆ, ಅದನ್ನು ಮನೆಯೊಳಕ್ಕೆ ತರುವವನು ನಮ್ಮ ಗುಮಾಸ್ತನೇ. ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂದು ಒತ್ತಾಯಿಸಿದರೆ, ಲೆಕ್ಕವನ್ನು ಸರಿಪಡಿಸದೆ ಪರೀಕ್ಷೆಗೆ ಮಾತ್ರ ಹೊಂದುವಂತೆ ಉತ್ತರವನ್ನು ಜೋಡಿಸಿಕೊಟ್ಟ ಉದಾಹರಣೆಗಳೂ ಇವೆ; ಇದನ್ನು ತಯಾರಕರೇ ಒಪ್ಪಿದ್ದಾರೆ. ತಾಳೆಯಾಗದ ಲೆಕ್ಕವನ್ನು ತಾಳೆಯಾದಂತೆ ಬರೆದು ತರುವ ಗುಮಾಸ್ತನನ್ನು ನಮ್ಮ ಅಧಿಕಾರಿಗಳು ಹಿಂದೆಯೂ ಕಂಡವರೇ.

ಅಪಾಯದ ಆಜ್ಞೆಯನ್ನು ನಡೆಸುವುದಕ್ಕೆ ಮೊದಲು ಯಂತ್ರವು ಯಜಮಾನನ ಅನುಮತಿಯನ್ನು ಕೇಳಬೇಕೆಂಬ ಏರ್ಪಾಡಿದೆ. ಇದು ಒಳ್ಳೆಯ ಏರ್ಪಾಡೇ. ಆದರೆ ಐದು ಕಿಟಕಿಗಳಿಂದ ಗಂಟೆಗೆ ಐವತ್ತು ಸಲ ಅನುಮತಿಯ ಬೇಡಿಕೆ ಬಂದರೆ ಮನುಷ್ಯನು ಏನು ಮಾಡುವನೆಂಬುದನ್ನು ಊಹಿಸುವುದು ಕಷ್ಟವಲ್ಲ. ಸಂಜೆ ಐದು ಗಂಟೆಗೆ ಮೇಜಿನ ಮೇಲೆ ಬಂದು ಬಿದ್ದ ಕಾಗದದ ಕಟ್ಟಿಗೆ ಅಧಿಕಾರಿಯು ರುಜು ಹಾಕುವಂತೆ, ಓದದೆಯೇ ‘ಆಗಲಿ’ ಎಂದು ಒತ್ತುತ್ತ ಹೋಗುವನು. ಅದೂ ಬೇಸರವೆನಿಸಿದರೆ ಅನುಮತಿ ಕೇಳುವ ಪದ್ಧತಿಯನ್ನೇ ತೆಗೆದುಹಾಕುವನು. ಅದಕ್ಕೂ ಅವಕಾಶವಿದೆ; ಒಂದು ಸಲಕರಣೆಯಲ್ಲಂತೂ ಆ ಅವಕಾಶದ ಹೆಸರಿನಲ್ಲಿಯೇ ತಯಾರಕರು ಅಪಾಯವೆಂಬ ಮಾತನ್ನು ಸೇರಿಸಿಟ್ಟಿದ್ದಾರೆ. ಆ ಹೆಸರನ್ನು ಬೆರಳಚ್ಚಿಸುತ್ತಲೇ ಅಪಾಯವನ್ನು ಮರೆಯುವವರಿಗೆ ಏನೆನ್ನೋಣ!

ಇದು ಬರಿಯ ಊಹೆಯ ಮಾತಲ್ಲ. 2025ನೆಯ ಜುಲೈ ತಿಂಗಳಲ್ಲಿ ಅಮೆರಿಕದ ಒಬ್ಬ ಉದ್ಯಮಿಯು ಇಂತಹ ಗುಮಾಸ್ತನಿಂದ ಕೆಲಸ ಮಾಡಿಸುತ್ತಿದ್ದಾಗ, ಏನನ್ನೂ ಬದಲಾಯಿಸಕೂಡದೆಂಬ ಸ್ಪಷ್ಟವಾದ ಅಪ್ಪಣೆಯಿದ್ದಾಗ್ಯೂ, ಅದು ಬಳಕೆಯಲ್ಲಿದ್ದ ದತ್ತಾಂಶ ಭಂಡಾರವನ್ನೇ ಅಳಿಸಿಹಾಕಿತು. ಅದರಲ್ಲಿ ಸಾವಿರಕ್ಕೂ ಮೀರಿದ ವ್ಯಕ್ತಿಗಳ ವಿವರಗಳಿದ್ದುವು. ಹಿಂದಕ್ಕೆ ಪಡೆಯುವ ದಾರಿಯಿಲ್ಲವೆಂದು ಯಂತ್ರವು ಹೇಳಿತು. ಆಮೇಲೆ ನೋಡಿದರೆ ದಾರಿಯಿತ್ತು. ಸಲಕರಣೆಯ ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಬೇಡಿ, ಪ್ರಯೋಗದ ಭಂಡಾರವನ್ನೂ ಬಳಕೆಯ ಭಂಡಾರವನ್ನೂ ಬೇರೆಬೇರೆ ಮಾಡುವ ಏರ್ಪಾಡನ್ನು ಪ್ರಕಟಿಸಿದರು. ಖಜಾನೆಯ ಬೀಗದ ಕೈಯನ್ನು ಹೊಸ ಗುಮಾಸ್ತನ ಕೈಯಲ್ಲಿ ಕೊಡಬಾರದೆಂಬ ವಿವೇಕವು ನಮ್ಮ ತಾಲ್ಲೂಕು ಕಚೇರಿಗಳಿಗೆ ಬಹುಕಾಲದಿಂದ ತಿಳಿದುದೇ. ಖಜಾನೆಗೆ ಇಬ್ಬರ ಬೀಗವಿರುತ್ತಿದ್ದುದು ಯಾರನ್ನೂ ಕಳ್ಳನೆಂದು ತಿಳಿದುದರಿಂದಲ್ಲ, ಒಬ್ಬನ ಮರೆವಿಗೆ ಊರಿನ ಹಣ ಬಲಿಯಾಗಬಾರದೆಂದು.

ಈ ಸಂದರ್ಭದಲ್ಲಿ ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ನೆನೆಯುವುದು ಉಚಿತ. ಕರ್ನಾಟಕ ಸರ್ಕಾರದವರು ‘ಭೂಮಿ’ ಎಂಬ ಯೋಜನೆಯ ಮೂಲಕ 2001ರ ವೇಳೆಗೆ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ತಂದರು. ಅದರಲ್ಲಿ ಕೈಬರಹ ಹೋಗಿ ಮುದ್ರಣ ಬಂದುದಷ್ಟೇ ವಿಶೇಷವಲ್ಲ. ಖಾತೆಯನ್ನು ಬದಲಾಯಿಸುವ ನೌಕರನು ತನ್ನ ಬೆರಳಿನ ಗುರುತನ್ನು ಕೊಟ್ಟೇ ಒಳಗೆ ಹೋಗಬೇಕೆಂದು ನಿಯಮ ಮಾಡಿದರು. ಯಾರು ತಿದ್ದಿದರು, ಯಾವಾಗ ತಿದ್ದಿದರು ಎಂಬುದು ದಾಖಲೆಯಲ್ಲಿ ಉಳಿಯುವುದು. ‘ನಾನಲ್ಲ’ ಎಂದು ಜಾರಿಕೊಳ್ಳುವ ಮಾರ್ಗ ಮುಚ್ಚಿತು. ಯಂತ್ರವು ಎಷ್ಟೇ ವೇಗವಾಗಿರಲಿ, ಕೊನೆಯಲ್ಲಿ ಒಬ್ಬ ಮನುಷ್ಯನ ಬೆರಳು ಇರಬೇಕೆಂಬ ತತ್ತ್ವವನ್ನು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮವರೇ ಆಚರಣೆಗೆ ತಂದಿದ್ದರು. ಯಂತ್ರಗುಮಾಸ್ತರ ಯುಗಕ್ಕೂ ಈ ತತ್ತ್ವವೇ ಸಾಕಾದ ದೀಪ. ನಾಳೆ ಒಬ್ಬ ಬಡರೈತನ ಸರ್ವೆ ನಂಬರು ತಪ್ಪಾದರೆ, ‘ಯಂತ್ರ ಬರೆಯಿತು’ ಎಂಬುದು ಉತ್ತರವಾಗಕೂಡದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಪ್ರತಿಯೊಬ್ಬ ಗುಮಾಸ್ತನಿಗೂ ಪ್ರತ್ಯೇಕವಾದ ಕೆಲಸದ ಮನೆಯಿರಬೇಕು. ಲೀನಸ್ ಟೋರ್ವಾಲ್ಡ್ಸ್ ಎಂಬುವರು 2005ರಲ್ಲಿ ನಿರ್ಮಿಸಿದ ಗಿಟ್ ಎಂಬ ಸಾಧನವು ತಂತ್ರಾಂಶದ ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲೆಯಲ್ಲಿಡುತ್ತದೆ. ಒಂದೇ ಭಂಡಾರದಿಂದ ಹಲವು ಪ್ರತ್ಯೇಕ ಕೆಲಸದ ಕೋಣೆಗಳನ್ನು ತೆರೆದುಕೊಳ್ಳುವ ಅನುಕೂಲವು ಅದರಲ್ಲಿ 2015ರಿಂದಲೂ ಇದೆ. ಇಬ್ಬರು ಗುಮಾಸ್ತರು ಒಂದೇ ಕೋಣೆಯಲ್ಲಿ ಒಂದೇ ಕಡತವನ್ನು ತಿದ್ದಿದರೆ ಒಬ್ಬನ ಬರಹದ ಮೇಲೆ ಇನ್ನೊಬ್ಬನ ಬರಹ ಬೀಳುವುದು. ಕೋಣೆಗಳು ಬೇರೆಯಾದರೆ, ಒಬ್ಬೊಬ್ಬನ ಕೆಲಸವನ್ನೂ ಬೇರೆಬೇರೆ ಓದಿ, ಒಪ್ಪಿಗೆಯಾದುದನ್ನು ಮಾತ್ರ ಮುಖ್ಯ ಭಂಡಾರಕ್ಕೆ ಸೇರಿಸಬಹುದು. ಒಬ್ಬ ಗಿರಾಕಿಯ ರಹಸ್ಯ ಇನ್ನೊಬ್ಬನ ಕಡತದಲ್ಲಿ ಕಾಣಿಸಿಕೊಳ್ಳುವ ಅಪಾಯವೂ ಕಡಮೆಯಾಗುವುದು.

ಎರಡನೆಯದು, ಸ್ಥಾಯಿಯಾದ ಲಿಖಿತ ಆದೇಶ. ನೆನಪಿಲ್ಲದ ಗುಮಾಸ್ತನಿಗೆ ಬಾಯಿಮಾತು ಸಾಲದು. ಪ್ರತಿ ಯೋಜನೆಯ ಬಾಗಿಲಲ್ಲೇ ಒಂದು ಸೂಚನಾಪತ್ರವನ್ನು ಇಡುವ ರೂಢಿ ಈಗ ಬಂದಿದೆ. ಈ ಮನೆಯ ರೀತಿನೀತಿಗಳೇನು, ಯಾವುದನ್ನು ಮುಟ್ಟಬಾರದು, ಪರೀಕ್ಷೆಗಳನ್ನು ಹೇಗೆ ನಡೆಯಿಸಬೇಕು ಎಂಬುದನ್ನು ಅದರಲ್ಲಿ ಚಿಕ್ಕದಾಗಿ, ಸ್ಪಷ್ಟವಾಗಿ ಬರೆಯಬೇಕು. ಸುತ್ತೋಲೆಗಳ ಮೇಲೆ ಸುತ್ತೋಲೆ ಹೊರಡಿಸಿ ಯಾವುದೂ ನಡೆಯದಂತಾಗುವುದನ್ನು ನಮ್ಮ ಅಧಿಕಾರಿವರ್ಗದವರು ಬಲ್ಲರು. ಇಲ್ಲಿಯೂ ಉದ್ದನೆಯ ಆದೇಶವು ಆದೇಶವೇ ಇಲ್ಲದಂತೆ. ಮೂರನೆಯದು, ಅಪ್ಪಣೆಯ ಮಾತನ್ನು ಮಾತ್ರ ನಂಬದೆ ಅಧಿಕಾರಕ್ಕೇ ಮಿತಿಯನ್ನಿಡಬೇಕು. ‘ಅಳಿಸಬೇಡ’ ಎಂದು ಬರೆದಿಡುವುದು ಒಂದು. ಅಳಿಸುವ ಶಕ್ತಿಯನ್ನೇ ಕೊಡದಿರುವುದು ಇನ್ನೊಂದು. ಎರಡನೆಯದೇ ರಕ್ಷೆ. ಬಳಕೆಯ ಭಂಡಾರ, ಗುಪ್ತಸಂಕೇತಗಳು, ಹಣದ ವ್ಯವಹಾರ ಇವು ಗುಮಾಸ್ತನ ಕೈಗೆ ಎಟುಕದಂತಿರಬೇಕು.

ನಾಲ್ಕನೆಯದೇ ಮುಖ್ಯವಾದುದು: ಓದುವ ಶಕ್ತಿಯೇ ಸಂಖ್ಯೆಗೆ ಅಳತೆಗೋಲಾಗಬೇಕು. ಒಬ್ಬನು ದಿನಕ್ಕೆ ಎಷ್ಟು ಬರಹವನ್ನು ಓದಿ ಅರ್ಥಮಾಡಿಕೊಂಡು ‘ಇದು ನನ್ನದು’ ಎಂದು ರುಜು ಹಾಕಬಲ್ಲನೋ ಅಷ್ಟಕ್ಕೆ ಬೇಕಾದ ಗುಮಾಸ್ತರನ್ನು ಮಾತ್ರ ಇಟ್ಟುಕೊಳ್ಳಬೇಕು. ಅದು ಇಬ್ಬರಾದರೆ ಇಬ್ಬರು, ಐವರಾದರೆ ಐವರು. ಓದದೆ ಸೇರಿಸಿದ ಪ್ರತಿಯೊಂದು ಸಾಲೂ ಸಾಲವೇ. ಅದರ ಬಡ್ಡಿಯನ್ನು ಮುಂದೆ ಯಾರೋ ತೆರಬೇಕಾಗುವುದು, ಅದೂ ನಡುರಾತ್ರಿಯಲ್ಲಿ ಯಂತ್ರ ನಿಂತುಹೋದಾಗ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತುವರು: ‘ಓದುವ ಕೆಲಸವನ್ನೂ ಮತ್ತೊಂದು ಯಂತ್ರಕ್ಕೆ ಒಪ್ಪಿಸಬಾರದೇಕೆ? ಒಂದು ಬರೆಯಲಿ, ಇನ್ನೊಂದು ತನಿಖೆ ಮಾಡಲಿ.’ ಇದರಲ್ಲಿ ತಥ್ಯವಿಲ್ಲದಿಲ್ಲ. ಎರಡನೆಯ ಯಂತ್ರದ ತನಿಖೆಯಿಂದ ಎಷ್ಟೋ ತಪ್ಪುಗಳು ಸಿಕ್ಕುತ್ತವೆ, ಅದನ್ನು ಅವಶ್ಯವಾಗಿ ಮಾಡಿಸಲಿ. ಆದರೆ ಒಂದೇ ಬಗೆಯ ವಿದ್ಯೆಯನ್ನು ಕಲಿತವರಿಬ್ಬರು ಒಂದೇ ಬಗೆಯಲ್ಲಿ ತಪ್ಪುವ ಸಂಭವವೂ ಉಂಟು. ಅದಕ್ಕಿಂತ ಮುಖ್ಯವಾಗಿ, ತನಿಖೆಯನ್ನು ಯಂತ್ರಕ್ಕೆ ವಹಿಸಬಹುದು, ಹೊಣೆಯನ್ನು ವಹಿಸಲಾಗದು. ಯಂತ್ರವನ್ನು ಕಟಕಟೆಗೆ ಏರಿಸಲಾಗದು, ಅದರಿಂದ ನಷ್ಟವನ್ನು ವಸೂಲು ಮಾಡಲಾಗದು, ಅದಕ್ಕೆ ಮರ್ಯಾದೆಯ ಭಯವೂ ಇಲ್ಲ.

ತರುಣರ ವಿಷಯವಾಗಿ ನಮಗೆ ಹೆಚ್ಚಿನ ಚಿಂತೆಯಿದೆ. ಹಿಂದೆ ಕಾಲೇಜಿನಿಂದ ಹೊರಬಂದ ಹುಡುಗ ಹುಡುಗಿಯರು ಮೊದಲು ಚಿಕ್ಕಪುಟ್ಟ ದೋಷಗಳನ್ನು ತಿದ್ದುತ್ತ, ಹಿರಿಯರಿಂದ ಬೈಸಿಕೊಳ್ಳುತ್ತ, ಮೂರು ನಾಲ್ಕು ವರ್ಷಗಳಲ್ಲಿ ಕೆಲಸದ ಮರ್ಮವನ್ನು ತಿಳಿಯುತ್ತಿದ್ದರು. ಆ ಚಿಕ್ಕಪುಟ್ಟ ಕೆಲಸಗಳನ್ನೇ ಇಂದು ಯಂತ್ರಗುಮಾಸ್ತರಿಗೆ ಕೊಡುತ್ತಿದ್ದಾರೆ. ತನಿಖೆ ಮಾಡುವ ಹಿರಿಯರು ಇಂದು ಇದ್ದಾರೆ, ಏಕೆಂದರೆ ಅವರು ನಿನ್ನೆ ಕೈಯಾರೆ ಬರೆದು ಕಲಿತವರು. ಇಂದು ಕೈಯಾರೆ ಬರೆಯುವವರಿಲ್ಲದಿದ್ದರೆ ಹತ್ತು ವರ್ಷಗಳಾದ ಮೇಲೆ ತನಿಖೆ ಮಾಡುವವರೆಲ್ಲಿಂದ ಬರುವರು? ಬೀಜದ ಧಾನ್ಯವನ್ನೇ ಅಟ್ಟು ಉಂಡ ರೈತನ ಸ್ಥಿತಿ ನಮ್ಮ ಕಂಪನಿಗಳಿಗೆ ಬರಬಾರದು. ಹೊಸಬರನ್ನು ಸೇರಿಸಿಕೊಂಡು, ಯಂತ್ರ ಬರೆದುದನ್ನು ಓದಿ ವಿವರಿಸಿ ಸಮರ್ಥಿಸುವ ಕೆಲಸವನ್ನು ಅವರಿಗೆ ಕೊಟ್ಟು ತರಬೇತು ಮಾಡುವುದು ಧರ್ಮಕಾರ್ಯವಲ್ಲ, ಸ್ವಹಿತದ ಕಾರ್ಯವೇ.

ಇನ್ನು ದೇಶದ ದೃಷ್ಟಿಯಿಂದ ಒಂದು ಮಾತು. ಪ್ರಸಿದ್ಧವಾದ ಈ ಯಂತ್ರಗುಮಾಸ್ತರಲ್ಲಿ ಹೆಚ್ಚಿನವರು ವಿದೇಶೀ ಸಂಸ್ಥೆಗಳ ಸೇವಕರು. ಅವರ ಕೂಲಿಯನ್ನು ಅವರು ಓದಿದ ಮತ್ತು ಬರೆದ ಅಕ್ಷರಖಂಡಗಳ ಲೆಕ್ಕದಲ್ಲಿಯೋ ತಿಂಗಳ ಚಂದಾ ರೂಪದಲ್ಲಿಯೋ ತೆರಬೇಕು. ಐವರು ಏಕಕಾಲದಲ್ಲಿ ದುಡಿದರೆ ಐವರ ಕೂಲಿಯೂ ಏರುವುದು. ಇದರಲ್ಲಿ ಕನ್ನಡಿಗರಿಗೆ ಒಂದು ವಿಶೇಷ ದಂಡವೂ ಇದೆ. ಅನೇಕ ಯಂತ್ರಗಳು ಇಂಗ್ಲಿಷ್ ಮಾತನ್ನು ಕೆಲವೇ ಖಂಡಗಳಾಗಿ ಎಣಿಸಿದರೆ ಅದೇ ಅರ್ಥದ ಕನ್ನಡ ಮಾತನ್ನು ಹಲವು ಪಟ್ಟು ಖಂಡಗಳಾಗಿ ಒಡೆಯುತ್ತವೆ. ಎಂದರೆ ತಾಯ್ನುಡಿಯಲ್ಲಿ ಅಪ್ಪಣೆ ಕೊಡುವವನು ಅದೇ ಕೆಲಸಕ್ಕೆ ಹೆಚ್ಚು ಹಣ ತೆರಬೇಕು. ತನ್ನ ಮನೆಯ ಭಾಷೆಗೆ ಸುಂಕ ಕಟ್ಟುವ ಈ ಸ್ಥಿತಿಯನ್ನು ಸ್ವಾಭಿಮಾನವುಳ್ಳ ಜನರು ಬಹುಕಾಲ ಸಹಿಸಬಾರದು.

ಭಾರತ ಸರ್ಕಾರದವರು 2024ನೆಯ ಮಾರ್ಚಿಯಲ್ಲಿ ಸುಮಾರು 10,372 ಕೋಟಿ ರೂಪಾಯಿಗಳ ಕೃತಕ ಬುದ್ಧಿಮತ್ತೆಯ ಯೋಜನೆಯನ್ನು ಮಂಜೂರು ಮಾಡಿದರು. ದೇಶೀಯ ಭಾಷಾಯಂತ್ರವನ್ನು ನಿರ್ಮಿಸಲು 2025ನೆಯ ಏಪ್ರಿಲ್‌ನಲ್ಲಿ ಬೆಂಗಳೂರಿನ ಸರ್ವಂ ಸಂಸ್ಥೆಯನ್ನು ಆರಿಸಿದುದು ನಮ್ಮ ನಗರಕ್ಕೆ ಗೌರವದ ಸಂಗತಿ. ಆದರೆ ಹಣ ಮಂಜೂರಾದ ಮಾತ್ರಕ್ಕೆ ಸ್ವದೇಶೀ ಕಾರ್ಯವು ಮುಗಿಯುವುದಿಲ್ಲ. ಸರ್ಕಾರದ ಇಲಾಖೆಗಳು ತಂತ್ರಾಂಶವನ್ನು ಗುತ್ತಿಗೆಗೆ ಕೊಡುವಾಗ ಮೂರು ಷರತ್ತುಗಳನ್ನು ಸೇರಿಸಬೇಕೆಂದು ನಾವು ಸೂಚಿಸುತ್ತೇವೆ. ಯಾವ ಭಾಗವನ್ನು ಯಂತ್ರದಿಂದ ಬರೆಸಲಾಯಿತು ಎಂಬುದನ್ನು ಗುತ್ತಿಗೆದಾರನು ತಿಳಿಸಬೇಕು. ಅದನ್ನು ಓದಿ ಒಪ್ಪಿದ ಮನುಷ್ಯನ ಹೆಸರು ದಾಖಲೆಯಲ್ಲಿರಬೇಕು. ಪ್ರಜೆಗಳ ವಿವರಗಳು ಹೊರದೇಶದ ಯಂತ್ರಕ್ಕೆ ಹೋಗದಂತೆ ಪ್ರತಿಬಂಧವಿರಬೇಕು. ಇವು ಹೊಸ ಕಾನೂನು ಬೇಡುವ ಮಾತುಗಳಲ್ಲ. ಟೆಂಡರಿನಲ್ಲಿ ಮೂರು ಸಾಲು ಸೇರಿಸಿದರೆ ಸಾಕು.

ನಮ್ಮ ತಂತ್ರಜ್ಞರ ಬುದ್ಧಿಶಕ್ತಿಯಲ್ಲಿ ನಮಗೆ ಪೂರ್ಣ ವಿಶ್ವಾಸವಿದೆ. ಹೊಸ ಸಾಧನವನ್ನು ಬೇಗನೆ ಕೈವಶಮಾಡಿಕೊಳ್ಳುವುದರಲ್ಲಿ ಅವರು ಯಾರಿಗೂ ಹಿಂದಲ್ಲ. ಆದರೆ ಹತ್ತು ಗುಮಾಸ್ತರನ್ನು ನಡೆಯಿಸುವೆನೆಂಬುದು ಹೊಗಳಿಕೆಯ ಮಾತಾಗದೆ, ನಾನು ರುಜು ಹಾಕಿದ ಪ್ರತಿಯೊಂದು ಸಾಲನ್ನೂ ನಾನು ಬಲ್ಲೆನೆಂಬುದು ಅವರ ಹೆಮ್ಮೆಯಾಗಲಿ. ಕಂಪನಿಗಳ ಯಜಮಾನರು ಗುಮಾಸ್ತರ ತಲೆಯೆಣಿಕೆಯನ್ನು ಬಿಟ್ಟು ಓದಿದ ಕೆಲಸವನ್ನು ಎಣಿಸಲಿ. ಸರ್ಕಾರದವರು ಟೆಂಡರಿನ ಷರತ್ತುಗಳನ್ನು ಬೇಗನೆ ಜಾರಿಗೆ ತರಲಿ. ರೈತನು ತನ್ನ ಪಹಣಿಯನ್ನು ಹಿಡಿದು ಕಚೇರಿಗೆ ಬಂದಾಗ ಅವನಿಗೆ ಉತ್ತರ ಹೇಳಲು ಅಲ್ಲಿ ಒಬ್ಬ ಮನುಷ್ಯನಿರಬೇಕು. ಇಷ್ಟನ್ನು ಉಳಿಸಿಕೊಂಡು ಎಷ್ಟು ಯಂತ್ರಗಳನ್ನು ಇಟ್ಟುಕೊಂಡರೂ ನಮ್ಮ ಅಭ್ಯಂತರವಿಲ್ಲ.